ನಾಲ್ಕನೇ ಮನೆಯವಳ ಕೈಯ ಬ್ಯಾಂಡು

ಅವಳು ಸತ್ತ ಹದಿನೈದು ದಿನಕ್ಕೆ ಮಗಳು ಮನೆ ಖಾಲಿ ಮಾಡಲು ಬಂದಳು. ಕಂಕುಳಲ್ಲಿ ಆರು ತಿಂಗಳ ಕೂಸು, ಹಿಂದೆ ಗಂಡ. ಬೀಗ ತೆಗೆಯುವ ಮೊದಲೇ ನನ್ನ ಕೈ ಹಿಡಿದು ಹೇಳಿದಳು: “ನಮ್ಮವ್ವನ್ನ ನಾನೇ ಕೊಂದೆ ಆಯಿ.”

ಆ ಭಾನುವಾರ ಬೆಳಿಗ್ಗೆ ಫೋನಿನಲ್ಲಿ ತಾಯಿ ಮಗಳಿಗೆ ಜಗಳವಾಗಿತ್ತು. ಅಲ್ಲೇ ದುಡಿದು ದುಡಿದು ಸಾಯಿ ಎಂದು ಮಗಳು ಫೋನ್ ಕುಕ್ಕಿದ್ದಳು. ಸಂಜೆಯೊಳಗೆ ತಾಯಿ ಸತ್ತಳು. ಆ ಮಾತು ಎದೆಗೆ ತಾಗಿ ಎದೆ ಒಡೆಯಿತು ಎಂದು ಆ ಹುಡುಗಿಯ ಲೆಕ್ಕ. ಅಲ್ಲ, ನಿನ್ನಿಂದ ಅಲ್ಲ ಎಂದು ಹೇಳಬಲ್ಲವಳು ಭೂಮಿಯ ಮೇಲೆ ನಾನೊಬ್ಬಳೇ ಇದ್ದೆ. ಹೇಳಲಿಲ್ಲ. ಬೀಗದಕೈ ಕೊಟ್ಟು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.

ಸತ್ತವಳ ಹೆಸರು ಬರೆಯುವುದಿಲ್ಲ. ನಾನು ಅವಳನ್ನು ಹೆಸರು ಹಿಡಿದು ಕರೆದದ್ದೂ ಕಡಿಮೆ. ನಮ್ಮದು ಚಂದಾಪುರದ ಒಳಗೆ, ಮೊದಲು ರಾಗಿ ಹೊಲವಿದ್ದ ಜಾಗದಲ್ಲಿ ಒಂಬತ್ತು ಬಾಡಿಗೆ ಮನೆಗಳ ಸಾಲು, ನಡುವೆ ಅಂಗಳ, ಅಂಗಳದ ನಡುವೆ ನೀರಿನ ಸಂಪು. ನಾಲ್ಕನೇ ಮನೆಯಲ್ಲಿ ಇದ್ದುದರಿಂದ ನಾಲ್ಕನೇ ಮನೆಯವಳು. ಯಾದಗಿರಿ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಅಂತ ಇಲ್ಲಿಗೆ ಕರೆದುಕೊಂಡು ಬಂದ, ಎರಡೇ ವರ್ಷಕ್ಕೆ ಕಾಮಾಲೆಯಾಗಿ ಹೋದ. ಅವಳು ಊರಿಗೆ ಹಿಂತಿರುಗಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಹೌಸ್‌ಕೀಪಿಂಗ್ ಹಿಡಿದಳು. ಬೆಳಿಗ್ಗೆ ಆರಕ್ಕೆ ಟೆಂಪೋ ಬರುತ್ತಿತ್ತು. ಮೂರು ಮಹಡಿ ಒರೆಸುವುದು, ಕಕ್ಕಸು ತೊಳೆಯುವುದು, ಊಟದ ಮೇಜು ಒರೆಸುವುದು. ಮಗಳ ಮದುವೆಯನ್ನು ಆ ಒರೆಸೋ ಬಟ್ಟೆಯಲ್ಲೇ ಮಾಡಿದಳು. ಉಳಿದ ಬಾಡಿಗೆಯವರಿಗೆ ನಾನು ಓನರಮ್ಮ. ಅವಳಿಗೆ ಮಾತ್ರ ಆಯಿ. ಅವರ ಕಡೆ ಅಜ್ಜಿಗೆ ಹಾಗೆನ್ನುತ್ತಾರಂತೆ. ನನಗೇನು ಅಷ್ಟು ವಯಸ್ಸಾಗಿದೆಯಾ ಎಂದು ಮೊದಲ ದಿನ ಗದರಿದ್ದೆ. ಕನ್ನಡಿ ಕೊಡಲೇನ್ರಿ ಅಂದಳು. ಅಂಥ ಬಾಯಿ.

ಆಳು ಎತ್ತರ. ಪಾದ ದಪ್ಪ, ಹಿಮ್ಮಡಿ ಒಡೆದಿದ್ದವು. ನಡೆದರೆ ಅವಳ ರಬ್ಬರ್ ಚಪ್ಪಲಿ ಪಟಕ್ ಪಟಕ್ ಎಂದು ಸಾಲಿನ ಎಲ್ಲ ಮನೆಗೂ ಕೇಳುತ್ತಿತ್ತು. ಕೂರಲು ಬಾರದ ಹೆಂಗಸು. ನಾನು ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದರೆ ಬಂದು ಕುಕ್ಕರಗಾಲಿನಲ್ಲಿ ಕೂರುವಳು, ಎರಡು ಕಡ್ಡಿ ಬಿಡಿಸುವಳು, ಎದ್ದು ಹೋಗಿ ನನ್ನ ತುಳಸಿಗೆ ನೀರು ಹಾಕುವಳು. ನೀನು ಹಾಕಿದ ನೀರಿಗೇ ಅದು ಕೊಳೆಯುತ್ತಿದೆ ಎಂದರೂ ಕೇಳುತ್ತಿರಲಿಲ್ಲ.

ಆ ಬ್ಯಾಂಡು ಅವಳ ಕೈಗೆ ಬಂದದ್ದು ಹೋದ ವರ್ಷ. ಅವಳು ಒರೆಸುವ ಮಹಡಿಯ ಮೇಡಂ ಒಬ್ಬಳು ಹೊಸದು ಕೊಂಡು ಹಳೆಯದನ್ನು ಇವಳಿಗೆ ಕಟ್ಟಿದಳು. ಒಳ್ಳೆಯ ಹುಡುಗಿ, ಕಟ್ಟಿ ಸುಮ್ಮನೆ ಕಳಿಸದೆ ನಿಂತು ಹೇಳಿಕೊಟ್ಟಿದ್ದಾಳೆ. ಮೇಲಿರುವುದು ಹೆಜ್ಜೆ, ದಿನಕ್ಕೆ ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದು. ಹೃದಯದ ಚಿತ್ರ ಇರುವುದು ಎದೆ ಬಡಿತ. ಚಂದ್ರನ ಚಿತ್ರ ಇರುವುದು ನಿದ್ದೆ. ನೀರಲ್ಲಿ ನೆನೆದರೂ ಕೆಡುವುದಿಲ್ಲ. ಒಂದೇ ಕಡೆ ಬಹಳ ಹೊತ್ತು ಕೂತರೆ ನಡುಗುತ್ತದೆ, ಆಗ ಎದ್ದು ನಾಲ್ಕು ಹೆಜ್ಜೆ ಓಡಾಡಬೇಕು. ಇಷ್ಟನ್ನೂ ಅವಳು ಪಾಠ ಒಪ್ಪಿಸಿದ ಹಾಗೆ ನನಗೆ ಒಪ್ಪಿಸಿದಳು. ಅವಳು ಶಾಲೆ ಕಂಡವಳಲ್ಲ, ಅಂಕಿ ಮಾತ್ರ ಬರುತ್ತಿತ್ತು. ನಾನು ನಾಲ್ಕನೇ ಕ್ಲಾಸು. ಕನ್ನಡ ಓದುತ್ತೇನೆ, ಇಂಗ್ಲಿಷಿನಲ್ಲಿ ಅಂಕಿ ಓದುತ್ತೇನೆ. ಅಕ್ಷರ ಬರುವುದಿಲ್ಲ. ಬ್ಯಾಂಡಿನಲ್ಲಿ ಇದ್ದುದೆಲ್ಲ ಇಂಗ್ಲಿಷ್.

ಗಂಡ ಹೋದ ಮೇಲೆ ಅವಳ ಕೈ ಬೋಳಾಗಿತ್ತು. ಅವರಲ್ಲಿ ಗಾಜಿನ ಬಳೆ ಮತ್ತೆ ತೊಡುವ ಹಾಗಿಲ್ಲ. ಬ್ಯಾಂಡು ಬಂದ ದಿನ ಎಡಗೈಯನ್ನು ಮುಂದೆ ಚಾಚಿಕೊಂಡು ಅಂಗಳದಲ್ಲಿ ನಿಂತಿದ್ದಳು. ಎರಡನೇ ಮನೆಯ ಹೆಂಗಸು, ಅವರ ಊರಿನವಳೇ, ಇದೇನು ಬಳೆ ಹಾಕಿಕೊಂಡೆ ಎಂದು ಕೊಂಕು ತೆಗೆದಳು. ಇವಳು ಕೈ ತಿರುಗಿಸಿ ತೋರಿಸಿ ಅಂದದ್ದು: “ಇದು ಬಳಿ ಅಲ್ಲವ್ವಾ, ಮಷೀನು. ಮಷೀನಿಗೆ ಗಂಡ ಇರಬೇಕಂತೇನಿಲ್ಲ.”

ಹಾಗೆ ಕೈ ತಿರುಗಿಸುವುದು ಆಮೇಲೆ ಅವಳ ಅಭ್ಯಾಸವೇ ಆಯಿತು. ಮಣಿಕಟ್ಟು ಮೇಲೆತ್ತಿ ಮುಖದ ಮುಂದೆ ತಿರುವಿದರೆ ಅದಕ್ಕೆ ದೀಪ ಬರುತ್ತಿತ್ತು. ಮಾತಿನ ನಡುವೆ ಹತ್ತು ಸಲ ತಿರುವುತ್ತಿದ್ದಳು. ದೂರದಿಂದ ನೋಡಿದವರಿಗೆ ತನಗೆ ತಾನೇ ದೃಷ್ಟಿ ನಿವಾಳಿಸಿಕೊಳ್ಳುತ್ತಿದ್ದಾಳೆ ಅನ್ನಿಸಬೇಕು.

ಭಾನುವಾರ ಅವಳು ವಾರಕ್ಕಾಗುವಷ್ಟು ಜೋಳದ ರೊಟ್ಟಿ ಬಡಿದು ಒಣಗಿಸಿ ಇಡುತ್ತಿದ್ದಳು. ಒಂದು ಭಾನುವಾರ ರೊಟ್ಟಿ ಬಡಿದು ಎದ್ದು ನೋಡಿದರೆ ಹೆಜ್ಜೆ ಎರಡು ಸಾವಿರ ಏರಿತ್ತು. ಕೈ ಆಡಿದ್ದನ್ನೆಲ್ಲ ಅದು ಕಾಲು ಎಂದು ತಿಳಿದಿತ್ತು. ಓಡಿ ಬಂದು ನನಗೆ ತೋರಿಸಿ, ಕುಂತಲ್ಲೇ ಅರ್ಧ ದಾರಿ ಊರಿಗಿ ನಡದೆ ಆಯಿ, ಇನ್ನೊಂದು ಸೇರು ಹಿಟ್ಟಿದ್ದರ ಮುಟ್ಟೇ ಬಿಡತಿದ್ದೆ ಎಂದು ನಕ್ಕಳು. ಮೋಸ ಹೋಗುವ ಮಷೀನು ಇದು, ಇದನ್ನು ನಂಬಬೇಡ ಎಂದು ನಾನು ಹೇಳಿದೆ. ಹೇಳಿದವಳು ನಾನೇ. ನೆನಪಿಟ್ಟುಕೊಳ್ಳಬೇಕಿದ್ದವಳೂ ನಾನೇ.

ಕೆಲಸದ ಜಾಗದಲ್ಲಿ ಅದು ಒಮ್ಮೆಯೂ ನಡುಗಲಿಲ್ಲ ಎನ್ನುವುದು ಅವಳ ಜಂಬ. ಕೂತರಲ್ಲವೇ ನಡುಗುವುದು. ಮಹಡಿಯ ಕಂಪ್ಯೂಟರಿನವರ ಕೈಗಳು ದಿನವಿಡೀ ನಡುಗುತ್ತವಂತೆ, ಅವರು ಎದ್ದು ಎರಡು ಹೆಜ್ಜೆ ಹಾಕಿ, ಇವಳು ಒರೆಸಿದ ಹಸಿ ನೆಲವನ್ನು ತುಳಿದು, ಮತ್ತೆ ಕೂರುತ್ತಾರಂತೆ. ಇವಳದು ನಡುಗುತ್ತಿದ್ದುದು ಭಾನುವಾರ ಮಧ್ಯಾಹ್ನ ಮಾತ್ರ, ನನ್ನ ಜಗಲಿಯ ಮೇಲೆ. ಅಲ್ಲಿಯಾದರೂ ಕೂರಲು ಕಲಿತಿದ್ದಳು ಅಂತಿಟ್ಟುಕೊಳ್ಳಿ. ಅದು ಝುಂ ಎಂದ ತಕ್ಷಣ ನಾನು ‘ನಿಮ್ಮ ಮೇಸ್ತ್ರಿ ಕರೀತಾವ್ನೆ, ಏಳಮ್ಮಿ’ ಎನ್ನುತ್ತಿದ್ದೆ. ಮೊದಲ ಸಲ ಹಾಗೆಂದಾಗ ಅವಳು ಕೇಳಿದಳು:

“ಬರೇ ಏಳಬೇಕೇನ್ರಿ, ಇಲ್ಲ ಏಳು ಸುತ್ತು ಹಾಕಬೇಕೇನ್ರಿ?”

“ಏಳು ಅಂದ್ರೆ ಏಳು. ಎದ್ದಿದ್ದೂ ಆಯ್ತದೆ, ಲೆಕ್ಕಾನೂ ಆಯ್ತದೆ.”

ಅಂದಿನಿಂದ ಅದು ನಮ್ಮಿಬ್ಬರ ಆಟ. ಬ್ಯಾಂಡು ನಡುಗುವುದು, ನಾನು ಏಳು ಎನ್ನುವುದು, ಅವಳು ಎದ್ದು ಸಂಪಿನ ಸುತ್ತ ಏಳು ಸುತ್ತು ಹಾಕಿ ಬಂದು ಕೂರುವುದು. ಸಂಪಿನ ಸುತ್ತ ಮಣ್ಣು ಸವೆದು ಒಂದು ದಾರಿಯೇ ಆಗಿತ್ತು.

ಮಳೆಗಾಲ ಕಳೆದ ಮೇಲೆ ಅವಳ ನಡಿಗೆ ಬದಲಾಯಿತು. ಟೆಂಪೋ ಇಳಿದು ಬರುವಾಗ ಗೇಟಿನ ಬಳಿ ನಿಲ್ಲುತ್ತಿದ್ದಳು. ಎದೆ ಹಾರುತ್ತದೆ ಎನ್ನುತ್ತಿದ್ದಳು. ಸಂಜೆಯ ಹೊತ್ತಿಗೆ ಪಾದ ಊದಿ ಚಪ್ಪಲಿಯ ಗುರುತು ಚರ್ಮದ ಮೇಲೆ ಉಳಿಯುತ್ತಿತ್ತು. ನಾನು ಜೀರಿಗೆ ಕಷಾಯ ಕಾಸಿಕೊಟ್ಟೆ. ರಕ್ತ ಕಡಿಮೆ, ಬೀಟ್‌ರೂಟ್ ತಿನ್ನು ಎಂದೆ. ಡಾಕ್ಟರಿಗೆ ತೋರಿಸು ಎಂದೂ ಎರಡು ಸಲ ಅಂದಿದ್ದೇನೆ, ಆದರೆ ಉಪ್ಪು ತೀರಿದೆ ತಗೊಂಡು ಬಾ ಎನ್ನುವ ಹಾಗೆ ಅಂದದ್ದು. ಮಗಳು ಮಾತ್ರ ಫೋನಿನಲ್ಲಿ ಬಿಡುತ್ತಿರಲಿಲ್ಲ. ಎರಡನೇ ಹೆರಿಗೆ ಆಗಿತ್ತು, ಇಲ್ಲಿ ಬಂದು ಕುಂಡ್ರು, ಮೊಮ್ಮಗನ್ನ ಆಡಿಸು, ಸಾಕು ದುಡಿದದ್ದು ಎಂದು ದಿನಾ ಹೇಳುತ್ತಿದ್ದಳು. ಇವಳು ದೀಪಾವಳಿಗೆ ಬರ್ತೀನಿ ಅಂದಳು, ದೀಪಾವಳಿ ಆದ ಮೇಲೆ ಸಂಕ್ರಾಂತಿಗೆ ಅಂದಳು.

ಆ ದಿನಗಳಲ್ಲಿ ಬ್ಯಾಂಡು ಮೊದಲಿಗಿಂತ ಹೆಚ್ಚು ನಡುಗತೊಡಗಿತು. ಕೂತು ಕಾಲು ಗಂಟೆಯೂ ಆಗಿರುತ್ತಿರಲಿಲ್ಲ, ಝುಂ ಎನ್ನುತ್ತಿತ್ತು. ಹಸಿರು ಅಕ್ಷರದ ಬದಲು ಕೆಂಪು ಅಕ್ಷರ ಬರುತ್ತಿತ್ತು. ನಿಮ್ಮ ಮೇಸ್ತ್ರಿ ಬಲೇ ಕಟ್ಟುನಿಟ್ಟಾದ ಕಣಮ್ಮಿ ಎಂದು ನಾನು ನಗಿಸಿದೆ. ಕೆಂಪು ಎಂದರೆ ಬೈಯುತ್ತಿದ್ದಾನೆ ಎಂದು ಇಬ್ಬರೂ ಅರ್ಥ ಮಾಡಿಕೊಂಡೆವು. ಅವಳು ಎದ್ದು ಸುತ್ತು ಹಾಕುತ್ತಿದ್ದಳು. ನಾಲ್ಕಕ್ಕೇ ಏದುಸಿರು ಬರುತ್ತಿತ್ತು, ಆದರೂ ಏಳು ಮುಗಿಸಿಯೇ ಕೂರುತ್ತಿದ್ದಳು.

ಹೃದಯದ ಚಿತ್ರದ ಪಕ್ಕದ ಅಂಕಿಯನ್ನೂ ನನಗೆ ತೋರಿಸುತ್ತಿದ್ದಳು. ಬ್ಯಾಂಡು ಹೊಸದರಲ್ಲಿ ಅಲ್ಲಿ ಎಪ್ಪತ್ತೆರಡೋ ಎಪ್ಪತ್ತೈದೋ ಇರುತ್ತಿತ್ತು. ಈಗ ನೂರು ದಾಟಿತು. ಹೆಜ್ಜೆಯ ಅಂಕಿ ಏರಿದರೆ ಒಳ್ಳೆಯದು ಎಂದು ಮೇಡಂ ಹೇಳಿದ್ದಳಲ್ಲ, ಎದೆಯ ಅಂಕಿ ಏರಿದರೂ ಒಳ್ಳೆಯದೇ ಎಂದು ನಾವು ತಿಳಿದೆವು. ಒಂದು ಸಂಜೆ ನೂರ ಹದಿನೆಂಟು ಬಂತು. ಶಾಲೆಯಲ್ಲಿ ಬಹುಮಾನ ಬಂದವಳ ಹಾಗೆ ಕೈ ಮುಂದೆ ಹಿಡಿದಳು. ನೂರಕ್ಕೆ ನೂರ ಹದಿನೆಂಟು ತೆಗೆದವಳು ನೀನೊಬ್ಬಳೇ ಕಣಮ್ಮಿ ಎಂದು ನಾನು ಬೆನ್ನು ತಟ್ಟಿದೆ.

ಓದು ಬಲ್ಲವರು ನಗಬಹುದು. ಆ ಅಂಗಳದಲ್ಲಿ ಓದು ಬಲ್ಲವರು ಬೇಕಾದಷ್ಟು ಜನ ಇದ್ದರು. ಏಳನೇ ಮನೆಯ ಹುಡುಗರು ಡಿಪ್ಲೊಮಾ ಓದಿದವರು. ಇದು ಏನು ಹೇಳುತ್ತದೆ ನೋಡಪ್ಪಾ ಎಂದು ಒಂದು ಮಾತು ಕೇಳಬಹುದಿತ್ತು. ನನಗೆ ಗೊತ್ತಿದೆ ಎಂದುಕೊಂಡಿದ್ದೆನಲ್ಲ, ಗೊತ್ತಿರುವುದನ್ನು ಯಾರು ಕೇಳುತ್ತಾರೆ.

ಆ ಭಾನುವಾರ ಅವರೆಕಾಯಿ ಸುಲಿಯುತ್ತಿದ್ದೆವು. ಮೂರೂವರೆ ಇರಬಹುದು. ಬೆಳಿಗ್ಗೆ ಮಗಳು ಅಂದ ಮಾತನ್ನು ಹೇಳಿ ಮುಗಿಸಿ ಅವಳು ಸುಮ್ಮನಾಗಿದ್ದಳು. ಸುಮ್ಮನಿದ್ದು ಗೊತ್ತಿಲ್ಲದ ಹೆಂಗಸು. ಸಿಪ್ಪೆಯನ್ನು ಕಾಳಿಗೂ ಕಾಳನ್ನು ಸಿಪ್ಪೆಗೂ ಹಾಕುತ್ತಿದ್ದಳು, ನಾನು ಆರಿಸಿ ಆರಿಸಿ ಬೈಯುತ್ತಿದ್ದೆ. ಬ್ಯಾಂಡು ನಡುಗಿತು. ನಾನು ತಲೆಯೆತ್ತದೆ ಏಳಮ್ಮಿ ಎಂದೆ. ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ನಡುಗಿತು. ಕೈ ತಿರುವಿ ನೋಡಿದಳು. ನೂರ ನಲವತ್ತೊಂದು ಅಂದಳು. ಹಾಗನ್ನುವಾಗ ಅವಳ ಮುಖದಲ್ಲಿ ಜಂಬ ಇರಲಿಲ್ಲ, ಅದನ್ನೂ ನಾನು ನೋಡಿದೆ.

“ಇವತ್ತ ಒಲ್ಲೆ ಆಯಿ. ಕುಂಡ್ರಬೇಕು ಅನಸ್ತದ.”

“ಕುಂತ್ರೆ ಆ ಮಾತೇ ಕಚ್ತಾ ಇರ್ತದೆ. ಎದ್ದು ಏಳು ಸುತ್ತು ಆಕು, ತಲೆ ಅಗುರಾಯ್ತದೆ. ಏಳು.”

ಗೋಡೆ ಹಿಡಿದು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಾನು ಕಾಯಿ ಸುಲಿಯುತ್ತ ಚಪ್ಪಲಿಯ ಸದ್ದಿನಲ್ಲೇ ಎಣಿಸುತ್ತಿದ್ದೆ, ತಲೆಯೆತ್ತಿ ನೋಡಲಿಲ್ಲ. ಒಂದು, ಎರಡು, ಮೂರು. ನಾಲ್ಕು ನಿಧಾನವಾಯಿತು. ಐದರ ಮೇಲೆ ಸದ್ದು ನಿಂತಿತು. ನಾನು ಏನಂದೆ ಗೊತ್ತೇ? ಐದೇ ಆಗಿದ್ದು, ಕಳ್ಳಿ, ಅಂದೆ.

ಆಮೇಲೆ ತಲೆಯೆತ್ತಿದೆ. ಸಂಪಿನ ಮುಚ್ಚಳದ ಪಕ್ಕ ಒರಗಿದ್ದಳು. ಒಂದು ಚಪ್ಪಲಿ ಕಾಲಲ್ಲಿ, ಒಂದು ಹಿಂದೆ. ಏಳನೇ ಮನೆಯ ಹುಡುಗರು ಆಟೋಗೆ ಎತ್ತಿ ಹಾಕಿದರು. ತಲೆ ನನ್ನ ತೊಡೆಯ ಮೇಲಿತ್ತು. ದಾರಿಯಲ್ಲೆಲ್ಲ ಬ್ಯಾಂಡು ಝುಂ ಝುಂ ಎನ್ನುತ್ತಿತ್ತು. ಆಸ್ಪತ್ರೆ ತಲುಪುವ ಮೊದಲು ನಿಂತಿತು.

ಅಲ್ಲಿನವರು ಮಾಡುವುದನ್ನೆಲ್ಲ ಮಾಡಿದರು. ಆದ ಮೇಲೆ ನರ್ಸು ಒಬ್ಬಳು ಬ್ಯಾಂಡು ಬಿಚ್ಚಿ ಬೆರಳಿಂದ ಮೇಲೆ ಕೆಳಗೆ ಸರಿಸಿ ನೋಡಿದಳು. ಇದು ಎಷ್ಟೊಂದು ಸಲ ಹೇಳಿದೆಯಲ್ಲ ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಏನು ಹೇಳಿದೆ ಎಂದು ಕೇಳಿದೆ.

“ನೀವು ಸುಮ್ನೆ ಕೂತಿದ್ದೀರ, ಆದ್ರೂ ಎದೆ ಬಡಿತ ಜಾಸ್ತಿ ಇದೆ ಅಂತ ಅಜ್ಜಿ.”

“ಎದ್ದು ಓಡಾಡು ಅಂತಲ್ವಾ?”

“ಅದು ಬೇರೆ ಮೆಸೇಜು. ಇದು ಬಂದ್ರೆ ಓಡಾಡಬಾರದು. ಅಲುಗಾಡದೆ ಕೂತು ಡಾಕ್ಟ್ರಿಗೆ ತೋರಿಸ್ಕೋಬೇಕು.”

ಎರಡಕ್ಕೂ ಒಂದೇ ನಡುಕ. ಹಸಿರು ಅಕ್ಷರ ಎದ್ದೇಳು ಎನ್ನುತ್ತಿತ್ತು, ಕೆಂಪು ಅಕ್ಷರ ಕೂತಿರು ಎನ್ನುತ್ತಿತ್ತು. ಆ ಮಷೀನು ತಿಂಗಳುಗಟ್ಟಲೆ ಬಾಯಿ ಬಡಿದುಕೊಂಡು ಅವಳನ್ನು ಕೂರಿಸಲು ನೋಡಿತು. ಪ್ರತಿ ಸಲವೂ ಪಕ್ಕದಲ್ಲಿ ಕೂತು ಅವಳನ್ನು ಎಬ್ಬಿಸಿದವಳು ನಾನು.

ನರ್ಸು ಅದನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಳು. ನಾಲ್ಕನೇ ಮನೆಯವಳ ದೇಹವನ್ನು ಊರಿಗೆ ಕಳಿಸಿದ ಮೇಲೆ ಅದು ನನ್ನ ಅಡುಗೆಮನೆಯ ಕಪಾಟಿನಲ್ಲಿ ಉಳಿಯಿತು. ಮೂರನೇ ದಿನ ಬೆಳಿಗ್ಗೆ ಒಗ್ಗರಣೆ ಹಾಕುವಾಗ ಕವರು ಜರಜರ ಎಂದು ಸದ್ದು ಮಾಡಿತು. ಒಳಗೆ ದೀಪ ಹತ್ತಿತ್ತು. ಒಗ್ಗರಣೆ ಸೀದು ಕರಿಯಾಗುವವರೆಗೂ ನಾನು ಅಲ್ಲೇ ನಿಂತಿದ್ದೆ. ಚಾರ್ಜು ಮುಗಿಯುತ್ತ ಬಂದರೂ ಅದು ಹಾಗೆ ನಡುಗುತ್ತದೆ ಎಂದು ಆಮೇಲೆ ಯಾರೋ ಹೇಳಿದರು. ಇರಬಹುದು. ಈ ಸಲ ಏನು ಹೇಳುತ್ತಿದೆ ಎಂದು ಗೊತ್ತಿದೆ ಅಂತ ನಾನು ಅಂದುಕೊಳ್ಳಲಿಲ್ಲ.

ಮಗಳು ಬಂದಾಗ ಬಟ್ಟೆಗಂಟಿನ ಜೊತೆ ಅದನ್ನೂ ಕೊಟ್ಟೆ. ಕೊಡುವಾಗ ಹೇಳಬೇಕಿತ್ತು. ನನ್ನ ಮಗ ಸುಮ್ಮನಿರು ಎಂದ, ಪೊಲೀಸರ ಭಯವಾಯಿತು ಎಂದೆಲ್ಲ ಬರೆಯಬಹುದು. ಯಾರೂ ಸುಮ್ಮನಿರು ಎನ್ನಲಿಲ್ಲ, ಪೊಲೀಸರು ಯಾರೂ ಬರಲಿಲ್ಲ. ಆ ಹುಡುಗಿ ನನ್ನನ್ನು ಆಯಿ ಎಂದು ಕರೆದು ನನ್ನ ಕೈ ಹಿಡಿದಿದ್ದಳು, ನಿಜ ಹೇಳಿದರೆ ಆ ಕೈ ಬಿಟ್ಟುಬಿಡುತ್ತಾಳೆ ಎಂದೇ ಹೇಳಲಿಲ್ಲ. ಅಷ್ಟೇ.

ದೆವ್ವ ಗಿವ್ವ ನಾನು ನಂಬುವವಳಲ್ಲ. ಆದರೆ ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಕೂತರೆ ಚಪ್ಪಲಿ ಸದ್ದು ಕೇಳುತ್ತದೆ. ಸಂಪಿನ ಸುತ್ತ ಸಿಮೆಂಟ್ ಹಾಕಿಸಿದೆ, ಆ ದಾರಿ ಮುಚ್ಚಿಹೋಯಿತು. ಸದ್ದು ಹೋಗಲಿಲ್ಲ. ಐದರವರೆಗೆ ಕೇಳಿ ನಿಲ್ಲುತ್ತದೆ. ಎದ್ದು ಒಳಗೆ ಹೋದರೆ ನಾನು ಹೆದರಿದೆ ಎಂದಾಗುತ್ತದೆ ಎಂದು ಅಲ್ಲೇ ಕೂತಿರುತ್ತೇನೆ. ಕಾಳು ಅಳೆಯುವಾಗ ಆರು ಪಾವಾದ ಮೇಲೆ ಮತ್ತೊಂದು ಎಂದು ಹೇಳಿ ಎಂಟಕ್ಕೆ ಹೋಗುತ್ತೇನೆ. ಸೊಸೆಗೆ ಅದು ಗೊತ್ತಾಗಿದೆ, ಕೇಳಿಲ್ಲ. ಈಗ ಈ ಕಡೆ ಯಾರ ಕೈ ನೋಡಿದರೂ ಅಂಥದೊಂದು ಇರುತ್ತದೆ. ಮೊನ್ನೆ ರೇಷನ್ ಅಂಗಡಿಯ ಸಾಲಿನಲ್ಲಿ ಮುಂದೆ ನಿಂತವನ ಕೈ ಝುಂ ಎಂದಿತು. ಕೂತ್ಕೊಳ್ಳಪ್ಪಾ, ಕೂತ್ಕೊ ಎಂದು ಅವನ ಭುಜ ಹಿಡಿದು ಒತ್ತಿದೆ. ಫೋನ್ ಬಂತು ಕಣಜ್ಜಿ ಎಂದು ಅವನು ನಕ್ಕ. ಸಾಲಿನವರೂ ನಕ್ಕರು.

ಮಗಳು ಪ್ರತಿ ಅಮಾವಾಸ್ಯೆ ಫೋನ್ ಮಾಡುತ್ತಿದ್ದಳು. ಅವ್ವನ ಜೊತೆ ಕೊನೆಗೆ ಮಾತಾಡಿದವಳು ನಾನು ಎಂದು ನನ್ನ ಮೇಲೆ ಅವಳಿಗೆ ಆಸೆ. ಕೊನಿಗಿ ನನ್ನ ಬಗ್ಗಿ ಏನರ ಅಂದಳೇನ್ರಿ ಎಂದು ಒಂದೇ ಪ್ರಶ್ನೆ. ಏನೂ ಇಲ್ಲ, ನಗುತ್ತಿದ್ದಳು ಎಂದು ಸುಳ್ಳು ಹೇಳುತ್ತಿದ್ದೆ. ಹೋದ ಸಲ ಫೋನು ಅಳಿಯನ ಕೈಗೆ ಬಂತು. ಅವನು ಹೊರಗೆ ಹೋಗಿ ದನಿ ತಗ್ಗಿಸಿ ಹೇಳಿದ: ಆಯಿ, ಇಕಿ ಐತವಾರ ಉಣ್ಣೂದು ಬಿಟ್ಟಾಳ. ನೀರೂ ಕುಡಿಯಂಗಿಲ್ಲ. ನಾ ಅವ್ವಗ ಸಾಯಿ ಅಂದ ದಿನ ಅಂತಾಳ. ಕೂಸಿಗಿ ಹಾಲು ಸಾಲಂಗಿಲ್ಲ, ನೀವರ ಒಂದು ಮಾತು ಹೇಳ್ರಿ.

ಅವಳಿಗೆ ಕೊಡು ಎಂದೆ. ನಿಂತೇ ಇದ್ದೆ, ಕೂತರೆ ಹೇಳಲಾರೆ ಎನ್ನಿಸಿತು. ಎಲ್ಲ ಹೇಳಿದೆ. ಕೆಂಪು ಅಕ್ಷರ, ನೂರ ಹದಿನೆಂಟು, ಬೆನ್ನು ತಟ್ಟಿದ್ದು, ಕುಂಡ್ರಬೇಕು ಅನಿಸುತ್ತದೆ ಎಂದು ಅವಳು ಅಂದದ್ದು, ನಾನು ಎಬ್ಬಿಸಿದ್ದು, ಕಳ್ಳಿ ಎಂದದ್ದು. ನಿನ್ನ ಮಾತಿಗೆ ಅವಳು ಸಾಯಲಿಲ್ಲ, ಅವಳ ಎದೆ ಕೆಟ್ಟು ತಿಂಗಳುಗಳಾಗಿದ್ದವು, ಕೂತಿದ್ದರೆ ಉಳಿಯುತ್ತಿದ್ದಳೋ ಏನೋ, ಕೂರಲು ನಾನು ಬಿಡಲಿಲ್ಲ ಎಂದೆ.

ಆ ಕಡೆ ಕೂಸಿನ ಸದ್ದು ಕೇಳುತ್ತಿತ್ತು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

“ಎರಡು ವರ್ಷ ಕುಂಡ್ರವ್ವಾ, ಕುಂಡ್ರವ್ವಾ ಅಂತ ಬಡಕೊಂಡೆ. ಕುಂಡ್ರಲಿಲ್ಲ. ನೀವು ಒಂದು ಸಲ ಏಳು ಅಂದ್ರಿ, ಎದ್ದಳು.”

ಆಯಿ ಎನ್ನಲಿಲ್ಲ. ಫೋನ್ ಇಟ್ಟಳು.

ಮುಂದಿನ ವಾರ ಅಳಿಯ ಫೋನ್ ಮಾಡಿದ್ದ. ಐತವಾರ ಉಂಡಳು, ಎರಡು ರೊಟ್ಟಿ ಎಂದ. ಆಮೇಲೆ ಅಮಾವಾಸ್ಯೆ ಬಂತು, ಹೋಯಿತು. ಅವಳ ಫೋನು ಬರಲಿಲ್ಲ.